ಕಿರೀಟ ಬಿಡದ ದ್ವೀಪದರಸ

ಅಲ್ ಕುಸೈಸ್, ದುಬೈ
15-11-2014

ಪ್ರೀತಿಯ ಚಂದ್ರಾ,

ನಿಖಿತಾಳ ಬಾಣಂತನ ಹೇಗೆ ಸಾಗಿದೆ? ಮಗು ನಿದ್ದೆ ಮಾಡಗೊಡುತ್ತದೆಯೇ? ಮಗಳ ಆರೈಕೆಯಲ್ಲಿ ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ನಾನು ಕ್ಷೇಮ ಎಂದು ಬರೆಯಬೇಕು, ಆದರೆ ಹೊಟ್ಟೆಕಿಚ್ಚಿನಲ್ಲಿ ಬೆಂದುಹೋಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಈ ಪುಟ್ಟ ಫ್ಲ್ಯಾಟಿನಲ್ಲಿ ಮಗನ ಕಿವಿ ತಪ್ಪಿಸುವುದೆಲ್ಲಿ? ಅದಕ್ಕೇ ಊರಿಗೆ ಹೊರಟ ಜಲೀಲನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಮ್ಮ ಸಂಘದ ಯಕ್ಷಗಾನದಲ್ಲಿ ಹಳೆಯ ಕಾಲದ ಆ ದ್ವೀಪದರಸ ರತ್ನಶೇಖರ ಎಂದರೆ ನಾನೇ ಅಲ್ಲವೇ? ಈ ಸಲ ಭಾಗವತರು ಆ ವೇಷವನ್ನು ನಿನ್ನ ಮುದ್ದಿನ ಮಗ ಶ್ರವಣನಿಗೆ ಕೊಟ್ಟು, ನನ್ನನ್ನು ರತ್ನಶೇಖರನ ಮುದಿ ಅಪ್ಪನನ್ನಾಗಿ ಮಾಡಿದರು. ಇಬ್ಬರು ರಾಣಿಯರು, ಹಡಗಿನ ಯುದ್ಧ, ಕುಣಿತ ಎಲ್ಲವೂ ಅವನಿಗೆ. ನನಗೆ ಒಂದೇ ದೃಶ್ಯ: ಮಗನ ತಲೆಗೆ ಕಿರೀಟವಿಟ್ಟು, ದೋಣಿ ಹತ್ತಿ ಹೊರಟುಹೋಗಬೇಕು. ಅನ್ನ ಬೇಕೇ ಎಂದರೆ ಇಂಗ್ಲಿಷಿನಲ್ಲಿ ಉತ್ತರಿಸುವವನು ರಾಜನಂತೆ! ಆಟಕ್ಕೆ ಮುಂಚೆ ಕರಾಮ ಬಡಾವಣೆಯಿಂದ ಬಂದ ಹೆಂಗಸರು ‘ಅಂಕಲ್, ರಾಜನ ಜೊತೆ ನಮ್ಮದೊಂದು ಫೋಟೋ ತೆಗೀರಿ’ ಎಂದು ನನ್ನ ಕೈಗೇ ಮೊಬೈಲ್ ಕೊಟ್ಟರು. ತೆಗೆದೆ, ಅವನ ತಲೆ ಬಾರದ ಹಾಗೆ.

ಯಕ್ಷಗಾನದ ಮಾತು ಯಾರೂ ಬರೆದುಕೊಡುವುದಿಲ್ಲ, ರಂಗದಲ್ಲೇ ಕಟ್ಟಬೇಕು, ನಿನಗೆ ಗೊತ್ತಲ್ಲ. ನಿನ್ನೆಯ ಆಟದಲ್ಲಿ ಅದನ್ನೇ ನೆಪ ಮಾಡಿಕೊಂಡು, ಕಿರೀಟವನ್ನು ಎದೆಗವಚಿ, ‘ನಾನು ಬದುಕಿರುವಾಗ ಈ ದ್ವೀಪಕ್ಕೆ ಇನ್ನೊಬ್ಬ ಅರಸನೇ? ಕೊಡಲಾರೆ!’ ಎಂದುಬಿಟ್ಟೆ. ಭಾಗವತರ ತಾಳ ನಿಂತಿತು. ಹುಡುಗ ತೊದಲಲಿ, ಸಭೆ ನಗಲಿ ಎಂದೇ ಕಾದೆ. ಅವನು ನನ್ನ ಕಾಲ ಬಳಿ ಕುಳಿತು, ‘ಕಿರೀಟ ನಿಮ್ಮಲ್ಲೇ ಇರಲಿ ಅಪ್ಪಾ. ಅದನ್ನು ಹೊತ್ತು ಹೊತ್ತು ನಿಮ್ಮ ಕುತ್ತಿಗೆ ನೊಂದಿದೆ. ಆ ನೋವನ್ನಾದರೂ ನನಗೆ ಕೊಡಿ’ ಎಂದ. ಕಿರೀಟವನ್ನು ಅವನ ತಲೆಗಿಟ್ಟೆ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಮೊದಲೇ ಮಾತಾಡಿಕೊಂಡಿದ್ದಿರಾ ಎಂದು ಭಾಗವತರು ಕೇಳಿದರು, ಹೌದೆಂದೆ.

ಮೊಮ್ಮಗುವಿಗೆ ಮುತ್ತು, ನಿಖಿತಾಳಿಗೆ ಆಶೀರ್ವಾದ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಮೋಹನದಾಸ್

ತಾ.ಕ.: ಜಲೀಲ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ನನ್ನ ಕುತ್ತಿಗೆ ನೋವು ನಿನಗಲ್ಲದೆ ಯಾರಿಗೂ ಗೊತ್ತಿಲ್ಲವಲ್ಲ, ಅವನಿಗೆ ಹೇಗೆ ತಿಳಿಯಿತೆಂದು ಈಗಷ್ಟೇ ಶ್ರವಣನನ್ನು ಕೇಳಿದೆ. ‘ಅಮ್ಮ ಟೋಲ್ಡ್ ಮಿ. ಪಪ್ಪ ಕಿರೀಟ ಕೊಡ್ಲಿಕ್ಕಿಲ್ಲ, ಆಗ ಹೀಗೆ ಹೇಳು ಅಂತ ಫೋನಲ್ಲಿ ಹೇಳಿಕೊಟ್ರು’ ಎಂದ. ಇಷ್ಟು ವರ್ಷ ನಾನು ರಾಜನಾಗಿದ್ದೆ ಚಂದ್ರಾ, ನನಗೆ ಒಂದೇ ಒಂದು ಮಾತನ್ನಾದರೂ ಹೇಳಿಕೊಟ್ಟಿದ್ದೆಯಾ?