ಸೊಸೆಯ ಗುಳಿಗೆಗೆ ಅತ್ತೆಯ ಅಪ್ಪಣೆ

ಲಾರೆನ್ಸ್‌ವಿಲ್, ನವೆಂಬರ್ 1998

ಕನ್ನಡ ಸಂಘದ ಆರೋಗ್ಯ ಶಿಬಿರದ ಮುಖ್ಯಸ್ಥರಾದ ಡಾಕ್ಟರ್ ಅಂಕಲ್,

ಮದುವೆಯಾದ ಹೆಣ್ಣು ಗರ್ಭನಿರೋಧಕ ಗುಳಿಗೆ ಕೇಳಿದರೆ ಅವಳ ಅತ್ತೆಯನ್ನು ಕರೆಸಬೇಕೆಂದು ಯಾವ ವೈದ್ಯಕೀಯ ಪುಸ್ತಕದಲ್ಲಿದೆ? ನಾನು ಹನ್ನೊಂದನೇ ತರಗತಿಗೇ ಶಾಲೆ ಬಿಟ್ಟವಳು, ಆ ಪಾಠದವರೆಗೆ ಹೋಗಲಿಲ್ಲ. ನೀವು ಓದಿದವರು, ಹೇಳಿ.

ಜೂನ್ ಶಿಬಿರದಲ್ಲಿ ಹೆಸರು ಬರೆದುಕೊಳ್ಳಲು ಕೂತವಳು ನಾನು. "ನಿನಗೆ ಹೇಗೂ ಸ್ಕೂಲಿಲ್ಲ, ಬಾಮ್ಮ" ಎಂದು ಕರೆದವರು ನೀವು. ನಿಯಮವೂ ನಿಮ್ಮದೇ: ಒಂದು ಮನೆಗೆ ಒಂದೇ ಫೈಲು, ಮೇಲೆ ಗಂಡನ ಹೆಸರು. ಹೆಂಡತಿ ಅದರೊಳಗಿನ ಎರಡನೇ ಹಾಳೆ.

ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ನಳಿನಿ ಅಕ್ಕ ಗುಳಿಗೆ ಕೇಳಲು ನಿಮ್ಮ ಕೋಣೆಗೆ ಒಬ್ಬಳೇ ಬಂದಳು. ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನ ಕೆಲಸದ ಮೇಲೆ ಸಿಕ್ಕ ಡಿಪೆಂಡೆಂಟ್ ವೀಸಾ, ಈ ದೇಶದಲ್ಲಿ ಅವಳು ಕೆಲಸ ಮಾಡುವಂತಿಲ್ಲ. ಗಂಡನ ಇನ್ಶೂರೆನ್ಸ್ ಹೆರಿಗೆಗೆ ಕೊಡುತ್ತದೆ, ಗುಳಿಗೆಗೆ ಕೊಡುವುದಿಲ್ಲ. ಗಂಡಸರಿಗೆಂದು ಈ ವರ್ಷ ಬಂದಿರುವ ನೀಲಿ ಗುಳಿಗೆಗೆ ಮಾತ್ರ ಧಾರಾಳವಾಗಿ ಕೊಡುತ್ತದಂತೆ! ಇಷ್ಟು ದಿನ ಅವಳ ತಂಗಿ, ಬೆಂಗಳೂರಿನಿಂದ ಬರುವವರ ಕೈಯಲ್ಲಿ, ಚಟ್ನಿಪುಡಿ ಡಬ್ಬದೊಳಗೆ ಗುಳಿಗೆ ಹುದುಗಿಸಿ ಕಳಿಸುತ್ತಿದ್ದಳು. ಈ ಸಲ ಬಂದದ್ದು ಅತ್ತೆಯೇ. ಡಬ್ಬದಲ್ಲಿ ಬರೀ ಚಟ್ನಿಪುಡಿ.

ಸೆಪ್ಟೆಂಬರಿಗೆ ಅವಳಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಅದನ್ನೂ ನಿಮಗೆ ಹೇಳಿದಳು. ನಿಮ್ಮ ಮೇಜಿನ ಡ್ರಾಯರಿನಲ್ಲಿ ಔಷಧ ಕಂಪನಿಯವರು ಪುಕ್ಕಟೆ ಕೊಟ್ಟ ಅದೇ ಗರ್ಭನಿರೋಧಕ ಗುಳಿಗೆಗಳಿದ್ದವು. ಬೆಳಿಗ್ಗೆ ಜೋಡಿಸಿಟ್ಟವಳು ನಾನೇ.

"ಮನೇಲಿ ಕೇಳಿದ್ಯೇನಮ್ಮಾ?" ಎಂದಿರಿ. ಆಮೇಲೆ ಬಾಗಿಲಿನ ಕಡೆ ತಿರುಗಿ, "ಯಾಮಿನಿ, ಇವರ ಮನೆಯವರನ್ನ ಕರಿ."

ಕರೆದೆ. "ಮುರಳೀಧರ ಅವರ ಮನೆಯವರು ಒಳಗೆ ಬನ್ನಿ!" ಫೈಲಿನ ಮೇಲಿದ್ದ ಗಂಡನ ಹೆಸರು ಹಿಡಿದು, ನಿಯಮ ಎಂದುಕೊಂಡು ಕೂಗಿಬಿಟ್ಟೆ. ಬಿಪಿ ಸಾಲಿನಲ್ಲಿದ್ದ ಅತ್ತೆ ಎದ್ದು ಬಂದರು.

"ಏನಮ್ಮಾ, ನಿಮ್ಮ ಸೊಸೆಗೆ ಇಷ್ಟಕ್ಕೇ ಸಾಕಾಯ್ತಂತೆ!" ಎಂದು ನಕ್ಕಿರಿ.

"ಎರಡೂ ಹೆಣ್ಣು, ಡಾಕ್ಟ್ರೇ. ಅದೂ ಅಲ್ದೆ ಆ ಮಾತ್ರೆ ಎಲ್ಲಾ ಮೈಗೆ ಉಷ್ಣ."

ಉಷ್ಣವೋ ಶೀತವೋ, ಡಾಕ್ಟರಾಗಿ ನೀವು ತಿದ್ದಲಿಲ್ಲ. ಡ್ರಾಯರು ಮುಚ್ಚಿದಿರಿ. ಸೆಪ್ಟೆಂಬರಿನಲ್ಲಿ ನಳಿನಿ ಅಕ್ಕ ಕಾಲೇಜಿಗೆ ಹೋಗಲಿಲ್ಲ, ವಾಂತಿ ಮಾಡಿಕೊಳ್ಳುತ್ತ ಮಲಗಿದ್ದಳು. ಈಗ ನಾಲ್ಕು ತಿಂಗಳು.

ಮೊನ್ನೆ ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು, ಕರ್ನಾಟಕದ ಹಳ್ಳಿ ತಾಯಂದಿರಿಗೆ ಉಚಿತ ಗುಳಿಗೆ ಹಂಚಲು ಚಂದಾ ಕೇಳಿದಿರಲ್ಲ, ಇಲ್ಲಿಗೆ ಬಂದು ಅಪ್ಪಣೆ ಕೊಡಲೆಂದು ಅವರ ಅತ್ತೆಯಂದಿರಿಗೂ ವಿಮಾನದ ಟಿಕೆಟ್ ಕಳಿಸುತ್ತೀರಾ? "ಪಾಪ, ಅವರಿಗೆ ತಿಳಿವಳಿಕೆ ಕಡಿಮೆ" ಎಂದಿರಿ. ಯಾರಿಗೆ, ಅಂಕಲ್?

ಈ ಪತ್ರವನ್ನು ಮೊದಲು ನಳಿನಿ ಅಕ್ಕನಿಗೇ ಓದಿ ಹೇಳಿದೆ. ನಿನ್ನ ಹೆಸರು ಬಿಡಲೇ ಎಂದು ಕೇಳಿದೆ. "ಹಾಕೇ. ಫೈಲ್ ಮೇಲಂತೂ ಇರ್ಲಿಲ್ಲ" ಎಂದಳು.

ಮುಂದಿನ ಶಿಬಿರದಲ್ಲಿ ಪ್ರತಿ ಹೆಂಗಸಿಗೂ ಅವಳದೇ ಹೆಸರಿನ ಫೈಲು ಇರಬೇಕು, ಮುಚ್ಚಿದ ಬಾಗಿಲು ಇರಬೇಕು. ಅವಳು ಕೇಳಿದ್ದಕ್ಕೆ ಅವಳಿಗೇ ಉತ್ತರ ಸಿಗಬೇಕು. ಆಗದಿದ್ದರೆ ಆರೋಗ್ಯ ಶಿಬಿರ ಎಂಬ ಬೋರ್ಡು ಇಳಿಸಿ.

ಇಂತಿ,
ಅಂದು ಬಾಗಿಲಲ್ಲಿ ನಿಂತು ಅತ್ತೆಯನ್ನು ಕೂಗಿ ಕರೆದ, ಇನ್ನು ಕರೆಯದ,
ಯಾಮಿನಿ