ಶೇಂದಿ ಹೊಗಳಿದ ಗುನ್ಹೆ

ಸವದತ್ತಿ, ೧೬ ಜುಲೈ ೧೯೫೦, ರವಿವಾರ

ಪೊಲೀಸ್ ಜಮಾದಾರನ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ.

ಪಾನಬಂದಿ ಬರುವ ಮೊದಲು ಪ್ರತಿ ರವಿವಾರ ಸಂಜೆ ನಾವು ನಾಲ್ವರು ಶಟ್ಟೆಪ್ಪನ ಕಟ್ಟೆಯ ಮೇಲೆ ಕೂತು, ಆ ವಾರ ಕುಡಿದ ಶೇಂದಿಗಳಲ್ಲಿ ಯಾವುದು ಮೇಲೆಂದು ಹೇಳುತ್ತಿದ್ದೆವು: ಯಾವ ಹಳ್ಳದ ಗಿಡ, ಯಾವ ಹೊತ್ತಿಗೆ ಇಳಿಸಿದ್ದು. ಈಗ ಶೇಂದಿ ಇಲ್ಲ. ಶೇಂದಿ ಇಳಿಸಲು ಗಿಡ ಏರುತ್ತಿದ್ದ ಶಟ್ಟೆಪ್ಪ ಈಗ ಹಗ್ಗ ಹೊಸೆದು ಮಾರುತ್ತಾನೆ. ಆದರೂ ಕೂಡುತ್ತೇವೆ, ಹಳೆಯ ರುಚಿಗಳನ್ನು ನೆನೆದು ಹೇಳುತ್ತೇವೆ.

ಇವತ್ತು ಲಗಮಣ್ಣ ಹೇಳುತ್ತಿರುವಾಗ ಜಮಾದಾರ ಬಂದು ಒಬ್ಬೊಬ್ಬರ ಬಾಯಿ ಮೂಸಿದ.

"ನನ್ನ ಹೇಂತಿನೂ ಇಷ್ಟ ಸನೇಕ ಬರೂದಿಲ್ರಿ ಸಾಹೇಬ್ರ," ಎಂದ ಲಗಮಣ್ಣ.

ಜಮಾದಾರ ನಗಲಿಲ್ಲ. "ಶೇಂದಿ ಹೊಗಳೂದೂ ಗುನ್ಹೆ ಐತಿ. ಮುಂದಿನ ವಾರ ಇಲ್ಲಿ ಕುಂತ್ರ ಶಟ್ಟೆಪ್ಪನ್ನ ಒಳಗ ಹಾಕತೇನಿ."

ಶಟ್ಟೆಪ್ಪ ನನ್ನ ಕಡೆ ನೋಡಿ, "ರಾಯರ, ಇನ್ನ ಬರಬ್ಯಾಡ್ರಿ," ಎಂದ.

ಡಾಕ್ಟರ ಚೀಟಿ ತೋರಿಸಿ ಪರವಾನಗಿಯ ಬಿಯರ್ ಕುಡಿಯುವ ವಕೀಲರ ಬಾಯಿಯನ್ನು ಯಾರೂ ಮೂಸುವುದಿಲ್ಲ. ೧೯೩೦ರಲ್ಲಿ ಒಂದು ಭಾಷಣಕ್ಕಾಗಿ ಬ್ರಿಟಿಷರು ನನ್ನನ್ನು ಹಿಂಡಲಗಿ ಜೈಲಿಗೆ ಕಳಿಸಿದ್ದರು. ಆಗ ಹೆದರದವನು ಈಗ ನಾಲಗೆ ಕಟ್ಟಿಕೊಳ್ಳಲೇ?

ಮುಂದಿನ ರವಿವಾರ ಎಲ್ಲರನ್ನೂ ನನ್ನ ಮನೆಯ ಕಟ್ಟೆಗೇ ಕರೆಯುತ್ತೇನೆ. ಹಿಡಿಯುವುದಾದರೆ ನನ್ನನ್ನು ಹಿಡಿಯಲಿ. ಹೇಳುವುದನ್ನು ಈಗಲೇ ಬರೆದಿಡುತ್ತೇನೆ, ಸಾಕ್ಷಿಗೆ ಬೇಕಾದೀತು: ಚಚಡಿ ಹಳ್ಳದ ಈಚಲ ಗಿಡದಿಂದ, ಬಿಸಿಲೇರುವ ಮೊದಲು ಶಟ್ಟೆಪ್ಪ ಇಳಿಸಿಕೊಟ್ಟ ಶೇಂದಿಯಷ್ಟು ಒಳ್ಳೆಯದನ್ನು ನಾನು ಈ ಜನ್ಮದಲ್ಲಿ ಕುಡಿದಿಲ್ಲ.

ದಿಗಂಬರ ಕೃಷ್ಣಾಜಿ ಹುದ್ದಾರ. ಪೂರ್ತಿ ಸಹಿ.