ಗುರುಮಾ ಆದ ತಂಗಿಗೆ

ಪಾಟಣ, ನೇಪಾಳ
ಗುಂಲಾ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ಪ್ರೀತಿಯ ತಂಗಿ ಮೈಚಾ,

ಖೇಮವತೀ ಗುರುಮಾ ಎಂದು ಬರೆಯಬೇಕಿತ್ತು, ಕೈ ಏಳಲಿಲ್ಲ. ಸನ್ಯಾಸಿನಿಯನ್ನು ಮನೆಯ ಹೆಸರಿನಿಂದ ಕರೆದ ಪಾಪ ನನಗಿರಲಿ. ಆರೋಗ್ಯವಾಗಿದ್ದೀಯಾ? ನೀನು ಓದಲು ಹೋದ ಬರ್ಮಾದ ಸೆಕೆಗೆ ನಿನ್ನ ಬೋಳುತಲೆಯಲ್ಲಿ ಬೆವರುಸಾಲೆ ಎದ್ದಿತ್ತಲ್ಲ, ವಾಸಿಯಾಯಿತೆ? ಮಧ್ಯಾಹ್ನ ಕಳೆದ ಮೇಲೆ ಉಣ್ಣಬಾರದು ಸರಿ, ಅದಕ್ಕೆ ಮೊದಲಾದರೂ ಹೊಟ್ಟೆತುಂಬ ತಿನ್ನು. ನಮ್ಮವರು ಎಂದಿನಂತೆ ಮೂರ್ತಿಗಳಿಗೆ ಉಳಿ ಹಿಡಿದು ಕೂತಿದ್ದಾರೆ.

ಅಮ್ಮ ಹಾಗೇ ಇದ್ದಾಳೆ. ಅವಳ ಎಡಗೈ ಎಡಗಾಲು ಬಿದ್ದುಹೋಗಿ ಆರು ವರ್ಷ. ಮೀಯಿಸುವವಳು ನಾನು, ಬಟ್ಟೆ ಬದಲಿಸುವವಳು ನಾನು. ಆದರೂ ನೀನು ಅವಳಿಗೆ ಗುರುಮಾ, ನಾನು ಇಂದಿಗೂ 'ಏ ಇವಳೇ'. ಹೋದ ಸಲ ನೀನು ಬಂದಾಗ ನಿನಗಿಂತ ಏಳು ವರ್ಷ ದೊಡ್ಡವಳಾದ ನನ್ನಿಂದ ನಿನ್ನ ಕಾಲಿಗೆ ನಮಸ್ಕಾರ ಮಾಡಿಸಿದಳು. ಹಣೆ ನೆಲ ಮುಟ್ಟಿತು.

ಈ ಪವಿತ್ರ ತಿಂಗಳ ಬೌದ್ಧಗ್ರಂಥ ಪಾರಾಯಣಕ್ಕೆ ನಮ್ಮ ವಜ್ರಯಾನದ ಪುರೋಹಿತರಾದ ರತ್ನಮುನಿ ಗುರ್ಜು ಬಂದಿದ್ದರು. ಮಂತ್ರ, ಮಂಡಲ ಯಾವುದೂ ಇಲ್ಲದ ನಿಮ್ಮ ಥೇರವಾದ ಅವರಿಗೆ ಅಷ್ಟಕ್ಕಷ್ಟೆ ಎಂದು ಗೊತ್ತಿದ್ದೇ ಕೇಳಿದೆ, ಮನೆ ಬಿಟ್ಟು ಹೋದವಳು ದೊಡ್ಡವಳೋ, ಮನೆಯಲ್ಲಿದ್ದು ಅಮ್ಮನ ಹೇಲು ಬಾಚಿದವಳೋ ಎಂದು. ನಿನ್ನನ್ನು ಒಂದು ಮಾತು ಬೈದಾರೆಂಬ ಆಸೆ. ಮುದುಕ ನನ್ನ ಮುಖವನ್ನೇ ನೋಡಿದರು. "ಅವರ ದಾರಿ ಬೇರೆ, ನಮ್ದು ಬೇರೆ ಕಣಮ್ಮಾ. ಆದ್ರೆ ಇನ್ನೊಬ್ರ ಒಳ್ಳೇದು ಕಂಡು ಖುಷಿ ಪಡೋದಕ್ಕೆ ಮುದಿತಾ ಅಂತಾರೆ, ಅದು ಎರಡು ಕಡೇಲೂ ಒಂದೇ. ನಿನ್ಹತ್ರ ಯಾವ ಕಡೇದೂ ಕಾಣ್ತಿಲ್ಲ."

ಮೂರು ದಿನ ಅವರಿಗೆ ಚಹಾ ಕೊಡುವಾಗ ಮುಖ ನೋಡಲಿಲ್ಲ. ಆಮೇಲೆ ನಮ್ಮವರು ಮಾಡಿದ ತಾರಾದೇವಿಯ ಮೂರ್ತಿ ಒಯ್ಯಲು ಬೌದ್ಧನಾಥದಿಂದ ಟಿಬೆಟಿನ ಲಾಮಾ ಒಬ್ಬರು ಬಂದರು. ಅವರಾದರೂ ಬೇರೆ ಹೇಳಿಯಾರೆಂದು ಅದನ್ನೇ ಕೇಳಿದೆ. ಅವರು ಬೆರಳು ಮಡಚಿದರು: ಮೈತ್ರಿ, ಕರುಣೆ, ಮುದಿತಾ, ಸಮಚಿತ್ತ. "ಮೂರ್ನೇದು ಕಷ್ಟ ಅಕ್ಕಾ. ನನ್ ಜೊತೆ ಓದಿದವನಿಗೆ ದೊಡ್ಡ ಮಠ ಸಿಕ್ತು. ಎರಡು ವರ್ಷ ಅವನನ್ನ ಮಾತಾಡಿಸ್ಲಿಲ್ಲ ನಾನು." ಅದಕ್ಕೆ ನಕ್ಕೆ. ಮನಸ್ಸು ಮಾತ್ರ ಕರಗಲಿಲ್ಲ.

ನಿನ್ನೆ ಹಬ್ಬಕ್ಕೆ ಒಂಬತ್ತು ಬಗೆ ಮೊಳಕೆಕಾಳಿನ ಕ್ವಾತಿ ಮಾಡಿ, ಆರಿಸಿ, ಅಮ್ಮನ ಬಾಯಿಗಿಟ್ಟೆ. ಎರಡು ಗುಟುಕು ಕುಡಿದು ಏನಂದಳು ಗೊತ್ತೆ? "ನಮ್ ಗುರುಮಾಗೆ ಇದಂದ್ರೆ ಪ್ರಾಣ. ಪಾಪ, ಅಲ್ಲಿ ಯಾರು ಮಾಡ್ಕೊಡ್ತಾರೋ." ಚಮಚ ಹಿಡಿದವಳು ಅವಳ ಕಣ್ಣಿಗೆ ಬೀಳಲೇ ಇಲ್ಲ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಗಟ್ಟಿಯಾಗಿ ಓದು ಎಂದಳು, ಓದಿದೆ. ನೀನೂ ಅದೇ ನಾಲ್ಕನ್ನು ನಿನ್ನ ಪಾಳಿ ಭಾಷೆಯಲ್ಲಿ ಬರೆದಿದ್ದೆ. ಅದರ ಕೆಳಗೆ ಬರೆದಿದ್ದೆಯಲ್ಲ, 'ಮೂರನೆಯದು ನನಗಿನ್ನೂ ಬಂದಿಲ್ಲ, ಅಕ್ಕ ಅಮ್ಮನ ತಲೆ ಬಾಚುತ್ತಿರುತ್ತಾಳೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ' ಎಂದು. ಆ ಸಾಲನ್ನು ಓದದೆ ನುಂಗಿದೆ. ಅಡುಗೆಮನೆಗೆ ಹೋಗಿ ಒಬ್ಬಳೇ ನಾಲ್ಕು ಸಲ ಓದಿಕೊಂಡೆ. ನನ್ನಲ್ಲಿ ನೀನು ಕರುಬುವಂಥದ್ದು ಇದೆಯೆಂದು ಈ ವಯಸ್ಸಿನವರೆಗೆ ಯಾರೂ ಹೇಳಿರಲಿಲ್ಲ.

ದೊಡ್ಡವಳಾಗಿ ಆಶೀರ್ವಾದ ಬರೆಯಲೋ, ಗೃಹಿಣಿಯಾಗಿ ವಂದನೆ ಬರೆಯಲೋ ತಿಳಿಯದು. ಎರಡೂ ಕಳಿಸಿದ್ದೇನೆ, ಯಾವುದು ಸಲ್ಲುತ್ತದೋ ಇಟ್ಟುಕೋ.

ನಿನ್ನ ಅಕ್ಕ,
ಹೀರಾಶೋಭಾ

ತಾ.ಕ.: ವೈಶಾಖದಲ್ಲಿ ಅಮ್ಮ, "ಒಂದ್ಸಲ ಬಂದು ಹೋಗು ಅಂತ ಅವಳಿಗೆ ಬರಿ" ಎಂದಿದ್ದಳು. ನಾನು ಬರೆಯಲಿಲ್ಲ, ಬರೆದೆ ಎಂದೆ. ಪರೀಕ್ಷೆಯಂತೆ, ಬರಲಾಗದಂತೆ ಎಂದು ನಿನ್ನ ಉತ್ತರವನ್ನೂ ನಾನೇ ಕಟ್ಟಿ ಹೇಳಿದೆ. "ಓದ್ಲಿ ಬಿಡು" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಹಾಗೇ ಇದ್ದಾಳೆ ಎಂದು ಮೇಲೆ ಬರೆದದ್ದು ನಿಜವಲ್ಲ; ನಿನ್ನೆಯ ಆ ಎರಡು ಗುಟುಕೂ ಕಷ್ಟದಲ್ಲೇ ಇಳಿದದ್ದು, ಈಗ ಅವಳಿಗೆ ನೀರು ನುಂಗುವುದೂ ಕಷ್ಟ. ದಸರೆ ದಾಟುವುದು ಅನುಮಾನ ಎಂದಿದ್ದಾರೆ ವೈದ್ಯರು. ಈ ಕಾಗದ ಕೈಸೇರಿದ ದಿನವೇ ಹೊರಡು. ಸುಳ್ಳು ಹೇಳಿದ್ದು ನಾನೆಂದು ನೀನು ಬಂದು ಕೂತ ಮೇಲೆ ಅವಳಿಗೆ ನಾನೇ ಹೇಳುತ್ತೇನೆ.